ನಿಮ್ಮ ಕೈಗೆ ಬಂದ ಮೊದಲ ರಿವಾಲ್ವರ್ ಯಾವುದು?

ನೀಲಿಉಕ್ಕು:

ಪಿಸ್ತೂಲುಗಳ ಬಗ್ಗೆ ಸಾಕಷ್ಟು ಮಾತಾಡಿದ್ದೇವೆ. ಈ ಸಲ ರಿವಾಲ್ವರ್. ನಿಮ್ಮದೇ ಅಂತ ಆದ ಮೊದಲನೆಯದು ಯಾವುದು? ಹೇಗೆ ಬಂತು? ಈಗಲೂ ಇದೆಯಾ? ಬರೀ ಮಾಡೆಲ್ ಹೆಸರು ಹಾಕಿ ಓಡಿ ಹೋಗಬೇಡಿ, ಸ್ವಲ್ಪ ಬಿಡಿಸಿ ಹೇಳಿ.

ನಾನೇ ಶುರು ಮಾಡುತ್ತೇನೆ. ಸ್ಮಿತ್ ಆ್ಯಂಡ್ ವೆಸ್ಸನ್ ಮಾಡೆಲ್ 10. .38 ಸ್ಪೆಷಲ್, ನಾಲ್ಕು ಇಂಚಿನ ಬ್ಯಾರೆಲ್, ಆರು ಗುಂಡು. ಕಾವಲು ಕೆಲಸದವರ ಸೊಂಟದಲ್ಲಿ ವರ್ಷಗಟ್ಟಲೆ ಇದ್ದು ಬಂದದ್ದು. ಹೋಲ್‌ಸ್ಟರ್‌ಗೆ ಉಜ್ಜಿ ಉಜ್ಜಿ ಬ್ಯಾರೆಲ್ ತುದಿಯ ಬಣ್ಣ ಹೋಗಿ ಬಿಳಿ ಕಾಣುತ್ತಿತ್ತು. ಮರದ ಹಿಡಿ ತುಂಬಾ ಗೀರು. ಆದರೆ ಬ್ಯಾರೆಲ್ ಒಳಗೆ ಬೆಳಕು ಬಿಟ್ಟು ನೋಡಿದರೆ ಹೊಸದರ ಹಾಗೇ ಇತ್ತು. ಇಂಥ ಡ್ಯೂಟಿ ಗನ್‌ಗಳ ಹಣೆಬರಹವೇ ಅದು. ಹೊತ್ತು ತಿರುಗಿದ್ದು ಜಾಸ್ತಿ, ಹಾರಿಸಿದ್ದು ಕಮ್ಮಿ.

ಮಾಡೆಲ್ 10 ಅನ್ನೋ ನಂಬರ್ ಬಂದದ್ದು 1957ರಲ್ಲಿ. ಗನ್ ಅದಕ್ಕಿಂತ ತುಂಬಾ ಹಳೇದು. 1899ರಲ್ಲಿ ಮಿಲಿಟರಿ ಆ್ಯಂಡ್ ಪೊಲೀಸ್ ಅಂತ ಶುರುವಾಯಿತು. ಅಲ್ಲಿಂದ 60 ಲಕ್ಷಕ್ಕೂ ಜಾಸ್ತಿ ತಯಾರಾಗಿವೆ. ನಾನು ಹುಡುಕಿ ಆರಿಸಿದೆ ಅಂದರೆ ಸುಳ್ಳಾಗುತ್ತದೆ. ಅವತ್ತು ಸಿಕ್ಕಿದ್ದು ಅದೊಂದೇ.

ಅದರ ಟ್ರಿಗರ್ ಮಾತ್ರ ನನ್ನನ್ನು ಹಿಡಿದು ಹಾಕಿತು. ಹ್ಯಾಮರ್, ಅಂದರೆ ಹಿಂದಿನಿಂದ ಪೆಟ್ಟು ಕೊಡುವ ಸುತ್ತಿಗೆ, ಎಳೆಯದೆ ಬರೀ ಟ್ರಿಗರ್ ಒತ್ತಿ ಹಾರಿಸುವ ಡಬಲ್ ಆಕ್ಷನ್ ಎಳೆತ ಉದ್ದ, ಭಾರ ಕೂಡ. ನಾಲ್ಕೈದು ಕಿಲೋ ಹತ್ತಿರ ಬರುತ್ತದೆ. ಆದರೆ ಆ ಉದ್ದದಲ್ಲಿ ಏನೇನು ನಡೆಯುತ್ತದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ತೋಟಾ ಕೂರುವ ಸಿಲಿಂಡರ್ ತಿರುಗುವುದು, ಕೆಳಗಿನ ಸ್ಟಾಪ್ ಟಕ್ ಅಂತ ಅದನ್ನು ಹಿಡಿಯುವುದು, ಆಮೇಲೆ ಹ್ಯಾಮರ್ ಬೀಳುವುದು. ಆ ಟಕ್ ಮತ್ತು ಹ್ಯಾಮರ್ ಬೀಳುವುದರ ನಡುವೆ ಒಂಚೂರು ಜಾಗ ಇದೆ. ಅಲ್ಲಿ ಗುರಿ ನೋಡಿಕೊಂಡು ಒತ್ತುವುದು ಗೊತ್ತಾದ ಮೇಲೆ ಬೇರೆ ಯಾವ ಗನ್ ಹಿಡಿದರೂ ನನ್ನ ಕೈ ಸುಧಾರಿಸಿತು.

ಈಗಲೂ ನನ್ನ ಹತ್ತಿರವೇ ಇದೆ. ನಿಮ್ಮದು?

ಹಳೇರಿಪೇರಿ:

ರಿಪೇರಿ ಟೇಬಲ್ ಮುಂದೆ ಅರ್ಧ ಆಯಸ್ಸು ಕಳೆದವನು ನಾನು. ಮೊದಲ ರಿವಾಲ್ವರನ್ನು ಕೂತು ಲೆಕ್ಕ ಹಾಕಿ ತಗೊಂಡವರು ಕಡಿಮೆ. ಅಪ್ಪನಿಂದ ಬರುತ್ತದೆ. ಮಾವನಿಂದ ಬರುತ್ತದೆ. ಗೆಳೆಯನಿಗೆ ದುಡ್ಡಿನ ಅಡಚಣೆ ಆದಾಗ ಬರುತ್ತದೆ. ಆರಿಸಿ ತಗೊಳ್ಳುವುದು ಎರಡನೆಯದನ್ನು.

ನನಗೆ ಬಂದದ್ದು ಎನ್‌ಫೀಲ್ಡ್ ನಂಬರ್ 2, ಮಾರ್ಕ್ 1 ಸ್ಟಾರ್. ಮೇಲಿನ ಕೊಂಡಿ ಒತ್ತಿ ಬ್ಯಾರೆಲ್ ಕೆಳಗೆ ಬಗ್ಗಿಸಿದರೆ ಆರೂ ಖಾಲಿ ಕೇಸು ಒಟ್ಟಿಗೆ ಹೊರಗೆ ಚಿಮ್ಮುತ್ತವೆ. ಈ ಸ್ಟಾರ್ ಮಾಡೆಲ್ 1938ರಲ್ಲಿ ಬಂತು. ಇದರ ಹ್ಯಾಮರ್‌ಗೆ ಹೆಬ್ಬೆರಳು ಇಡುವ ಕೊಕ್ಕೆಯೇ ಇಲ್ಲ. ಅಂದರೆ ಹ್ಯಾಮರ್ ಎಳೆದಿಟ್ಟು ಹಾರಿಸುವ ಸಿಂಗಲ್ ಆಕ್ಷನ್ ಅನ್ನೋ ದಾರಿಯೇ ಇಲ್ಲ. ಬೇಕಿದ್ದರೂ ಬೇಡದಿದ್ದರೂ ಉದ್ದ ಎಳೆತ ಕಲಿಯಲೇಬೇಕು. ಅದಕ್ಕೇ ಹೇಳಿದ್ದು, ನೀಲಿಉಕ್ಕು ಮಾತು ನನಗೆ ಪೂರ್ತಿ ಒಪ್ಪಿಗೆ. ಹ್ಯಾಮರ್ ಎಳೆದು ಎಳೆದು ಮೆಲ್ಲಗೆ ಒತ್ತುವವನು ರಿವಾಲ್ವರನ್ನು ಅರ್ಧ ಮಾತ್ರ ಬಳಸುತ್ತಿದ್ದಾನೆ.

ಇದರ ತೋಟಾ ಬಗ್ಗೆ ಒಂದು ಎಚ್ಚರಿಕೆ. ಇದು .38 ಸ್ಮಿತ್ ಆ್ಯಂಡ್ ವೆಸ್ಸನ್ ಕೇಸು, .38 ಸ್ಪೆಷಲ್ ಅಲ್ಲ. ಇದು ಗಿಡ್ಡ, ಒಂಚೂರು ದಪ್ಪ. ಸ್ಪೆಷಲ್ ಉದ್ದ, ತೆಳು. ಎರಡರ ಹೆಸರಲ್ಲೂ 38 ಇದೆ ಅಂತ ಒಂದರಲ್ಲಿ ಇನ್ನೊಂದು ತುಂಬಲು ಹೋಗಬಾರದು. ಸ್ಪೆಷಲ್ ಕೂರಲಿ ಅಂತ ಯಾರೋ ಚೇಂಬರ್, ಅಂದರೆ ಸಿಲಿಂಡರ್‌ನಲ್ಲಿ ತೋಟಾ ಕೂರುವ ಗೂಡು, ಕೊರೆದು ಉದ್ದ ಮಾಡಿದ ಹಳೇ ಗನ್‌ಗಳು ನನ್ನ ಟೇಬಲ್‌ಗೆ ಬಂದಿವೆ. ಹಾರಿಸಿದರೆ ಕೇಸು ಊದಿ ಸೀಳುತ್ತದೆ. ಬ್ಯಾರೆಲ್ ಮೇಲೆ ಏನು ಅಚ್ಚಾಗಿದೆ ಅನ್ನುವುದರ ಜೊತೆಗೆ ಚೇಂಬರ್ ಕೂಡ ಅಳೆಸಿ.

ಗುರಿಗಾರ್ತಿ:

ನನ್ನದು .22. ಸ್ಮಿತ್‌ನ ಕೆ-22, ಆಮೇಲೆ ಮಾಡೆಲ್ 17 ಆಯಿತಲ್ಲ, ಅದು. ಆರು ಇಂಚಿನ ಬ್ಯಾರೆಲ್. ನನ್ನದು ಮಾತ್ರ ಆರಿಸಿ ತಗೊಂಡದ್ದೇ, ಯಜಮಾನ್ರೇ! ಗುರಿ ಸ್ಪರ್ಧೆ ಮನಸ್ಸಿನಲ್ಲಿತ್ತು. ದೊಡ್ಡ ಕ್ಯಾಲಿಬರ್ ಗನ್‌ನಷ್ಟೇ ದೊಡ್ಡ ಫ್ರೇಮ್, ಆದರೆ ಒದೆತ ಇಲ್ಲ. ಎಲ್ಲ ತಪ್ಪೂ ಗುರಿ ಹಾಳೆಯ ಮೇಲೆ ಬೆತ್ತಲೆ.

ಹೊಸಬರಿಗೆ ಒಂದು ಅಭ್ಯಾಸ ಹೇಳುತ್ತೇನೆ. ರಿವಾಲ್ವರ್‌ನಲ್ಲಿ ಇದು ಇರುವಷ್ಟು ಸುಲಭ ಬೇರೆ ಯಾವುದರಲ್ಲೂ ಇಲ್ಲ. ರೇಂಜ್‌ನಲ್ಲಿ ಕೆಲವು ಚೇಂಬರ್‌ಗೆ ಜೀವಂತ ತೋಟಾ, ಕೆಲವಕ್ಕೆ ಹಾರಿಸಿದ ಖಾಲಿ ಕೇಸು ಹಾಕಿ. ಯಾವುದು ಎಲ್ಲಿದೆ ಅಂತ ನೋಡದೆ ಸಿಲಿಂಡರ್ ಮುಚ್ಚಿ. ಗುರಿ ಕಡೆ ಇಟ್ಟು ಒತ್ತುತ್ತಾ ಹೋಗಿ. ಖಾಲಿ ಕೇಸು ಬಂದಾಗ ಸದ್ದು ಇಲ್ಲ, ಒದೆತ ಇಲ್ಲ. ಆದರೂ ಬ್ಯಾರೆಲ್ ತುದಿ ಕೆಳಗೆ ಮುಗ್ಗರಿಸಿದರೆ ಅದು ನಿಮ್ಮ ಕೈಯ ಭಯ. ಸದ್ದು ಬರುವ ಮೊದಲೇ ಕೈ ತಳ್ಳುತ್ತಿದೆ ಅಂತ ಅರ್ಥ. ತುದಿ ಅಲ್ಲಾಡದೆ ನಿಲ್ಲುವವರೆಗೆ ಇದನ್ನೇ ಮಾಡಿ.

ಇನ್ನೊಂದು. ರಿಮ್‌ಫೈರ್, ಅಂದರೆ ತೋಟಾದ ಅಂಚಿಗೆ ಪಿನ್ ಬಡಿಯುವ .22 ಥರದ ಗನ್‌ಗಳನ್ನು ಖಾಲಿ ಚೇಂಬರ್ ಮೇಲೆ ಸುಮ್ನೆ ಹೊಡೆಯುತ್ತಾ ಕೂರಬೇಡಿ. ಫೈರಿಂಗ್ ಪಿನ್ ಚೇಂಬರ್‌ನ ಅಂಚಿಗೇ ಬಡಿಯುವ ಮಾಡೆಲ್‌ಗಳಿವೆ. ಬಡಿದು ಬಡಿದು ಅಲ್ಲಿ ತಗ್ಗು ಬೀಳುತ್ತದೆ, ಆಮೇಲೆ ತೋಟಾ ಸರಿಯಾಗಿ ಕೂರುವುದಿಲ್ಲ. ಕೆಲವು ಕಂಪನಿಗಳು ತಮ್ಮ ಗನ್‌ಗೆ ತೊಂದರೆ ಇಲ್ಲ ಅಂತ ಪುಸ್ತಕದಲ್ಲೇ ಬರೆದಿರುತ್ತವೆ. ಅದನ್ನು ಓದಿ ಮುಂದುವರಿಯಿರಿ.

ಮೂರುತಿರುಪು:

ಹಾಜರ್. ರೂಗರ್ ಸಿಂಗಲ್-ಸಿಕ್ಸ್, ಹಳೇ ಮಾಡೆಲ್. ಫ್ರೇಮ್ ಪಕ್ಕದಲ್ಲಿ ಮೂರು ತಿರುಪು ಇರುವುದು, ನನ್ನ ಹೆಸರೂ ಅಲ್ಲಿಂದಲೇ. ಚಿಕ್ಕಪ್ಪ ಕೊಟ್ಟದ್ದು. ಅಂದರೆ ಯಜಮಾನ್ರು ಹೇಳಿದ ಲೆಕ್ಕಕ್ಕೇ ಬಂತು.

ಇದರಲ್ಲಿ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗುವುದಿಲ್ಲ. ಪ್ರತಿ ಈಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕು. ಪಕ್ಕದ ಚಿಕ್ಕ ಗೇಟ್ ತೆಗೆದು ಒಂದೊಂದೇ ತೋಟಾ ತುಂಬಬೇಕು, ಒಂದೊಂದೇ ಖಾಲಿ ಕೇಸು ಕಡ್ಡಿಯಿಂದ ತಳ್ಳಬೇಕು. ಅವಸರದವರಿಗೆ ಹೇಳಿ ಮಾಡಿಸಿದ್ದಲ್ಲ. ನನಗೆ ಆ ನಿಧಾನವೇ ಹಿಡಿಸಿತು. ತೋಟಾ ಡಬ್ಬಿ ಬೇಗ ಖಾಲಿಯಾಗುವುದೂ ಇಲ್ಲ.

ಹಳೇ ಮಾಡೆಲ್ ಇದ್ದವರಿಗೆ ಗೊತ್ತೇ ಇರುತ್ತದೆ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಆರು ಚೇಂಬರ್ ಇದ್ದರೂ ಐದೇ ತುಂಬಬೇಕು. ಹ್ಯಾಮರ್ ಕೆಳಗಿನ ಚೇಂಬರ್ ಖಾಲಿ ಇರಬೇಕು. ಯಾಕೆಂದರೆ ಇಳಿದ ಹ್ಯಾಮರ್‌ನ ಭಾರ ಫೈರಿಂಗ್ ಪಿನ್ ಮೇಲೇ ಕೂರುತ್ತದೆ. ಗನ್ ಕೆಳಗೆ ಬಿದ್ದು ಹ್ಯಾಮರ್‌ಗೆ ಪೆಟ್ಟಾದರೆ ಈಡು ಹಾರಬಹುದು. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಗೂ ಇದೇ ನಿಯಮ. ಒಂದು ತುಂಬು, ಒಂದು ಬಿಡು, ನಾಲ್ಕು ತುಂಬು, ಹ್ಯಾಮರ್ ಪೂರ್ತಿ ಎಳೆದು ಮೆಲ್ಲಗೆ ಇಳಿಸು. ಆಗ ಬಿಟ್ಟ ಚೇಂಬರ್ ಸರಿಯಾಗಿ ಹ್ಯಾಮರ್ ಕೆಳಗೆ ಬರುತ್ತದೆ.

1973ರ ನ್ಯೂ ಮಾಡೆಲ್‌ಗಳಿಂದ ರೂಗರ್ ಟ್ರಾನ್ಸ್‌ಫರ್ ಬಾರ್ ಹಾಕಿತು. ಹ್ಯಾಮರ್ ನೇರ ಪಿನ್‌ಗೆ ತಾಗುವುದೇ ಇಲ್ಲ, ನಡುವೆ ಒಂದು ಪಟ್ಟಿ ಇರುತ್ತದೆ. ಟ್ರಿಗರ್ ಒತ್ತಿ ಹಿಡಿದಾಗ ಮಾತ್ರ ಆ ಪಟ್ಟಿ ಮೇಲೆ ಬಂದು ಪೆಟ್ಟನ್ನು ದಾಟಿಸುತ್ತದೆ. ಹಳೇ ಗನ್‌ಗಳಿಗೂ ಅದನ್ನು ಕಂಪನಿಯೇ ಪುಕ್ಕಟೆ ಹಾಕಿ ಕೊಡುತ್ತದೆ. ನಾನು ಹಾಕಿಸಿಲ್ಲ. ಐದೇ ತುಂಬುತ್ತೇನೆ.

ಹಳೇರಿಪೇರಿ:

ಹಾಕಿಸಿ ಮಾರಾಯರೇ. ತೆಗೆದ ಹಳೇ ಭಾಗಗಳನ್ನು ಗನ್ ಜೊತೆಗೇ ವಾಪಸು ಕೊಡುತ್ತಾರೆ, ಸಂಗ್ರಹದ ಬೆಲೆ ಹೋಗುತ್ತದೆ ಅನ್ನೋ ಚಿಂತೆ ಬೇಡ. ನಿಮಗೆ ನಿಯಮ ನೆನಪಿದೆ. ನಾಳೆ ಆ ಗನ್ ಯಾರ ಕೈಗೆ ಹೋಗುತ್ತದೋ ಅವರಿಗೆ ಗೊತ್ತಿರಬೇಕಲ್ಲ.

ಮೂರುತಿರುಪು:

ಈ ಮಾತು ನನ್ನ ಹೆಂಡತಿಯೂ ಹೇಳಿದ್ದಾಳೆ. ನೋಡೋಣ.

ಜೇಬುಗನ್:

ನನ್ನದು ಸ್ನಬ್, ಗಿಡ್ಡ ಬ್ಯಾರೆಲ್‌ನದ್ದು. ಸ್ಮಿತ್ ಮಾಡೆಲ್ 36. ಐದು ಗುಂಡು, ಎರಡು ಇಂಚಿಗೂ ಸ್ವಲ್ಪ ಕಮ್ಮಿ ಬ್ಯಾರೆಲ್. 1950ರಲ್ಲಿ ಚೀಫ್ಸ್ ಸ್ಪೆಷಲ್ ಅಂತ ಬಂದ ಅದೇ ಗನ್. ಚಿಕ್ಕದು, ಹಗುರ, ಅಂಗೈಯಲ್ಲೇ ಮುಚ್ಚಿಹೋಗುತ್ತದೆ. ಮೊದಲ ರಿವಾಲ್ವರ್ ಬೇಕು ಅನ್ನೋರಿಗೆ ಇದಕ್ಕಿಂತ ಸರಳ ಇನ್ನೇನಿದೆ?

ಗುರಿಗಾರ್ತಿ:

ಸರಳ ಅಲ್ಲ ಅಣ್ಣ. ಬಳಸುವ ವಿಧಾನ ಸರಳ, ಗುರಿ ಹೊಡೆಯುವುದು ಕಷ್ಟ. ಬ್ಯಾರೆಲ್ ಮೇಲೆ ಗುರಿ ನೋಡುವ ಮುಂದಿನ ಕಣ್ಣಿಗೂ ಹಿಂದಿನ ಕಣ್ಣಿಗೂ ನಡುವೆ ಗೇಣು ದೂರವೂ ಇಲ್ಲ. ಕೂದಲೆಳೆ ತಪ್ಪಿದರೆ ಹಾಳೆಯ ಮೇಲೆ ದೊಡ್ಡ ತಪ್ಪು. ಹಿಡಿ ಸಣ್ಣದು, ಕಿರುಬೆರಳಿಗೆ ಜಾಗವೇ ಇಲ್ಲ. ಅಲ್ಯೂಮಿನಿಯಂ ಫ್ರೇಮ್‌ನ 642 ಥರದ್ದಾದರೆ ಸುಮಾರು 425 ಗ್ರಾಂ ಅಷ್ಟೇ. ನೀಲಿಉಕ್ಕು ಅವರ ಮಾಡೆಲ್ 10 ಒಂದು ಕಿಲೋ ಹತ್ತಿರ. ಅದೇ ತೋಟಾವನ್ನು ಎರಡರಲ್ಲೂ ಹಾರಿಸಿ ನೋಡಿ. ಚಿಕ್ಕದರ ಒದೆತಕ್ಕೆ ಹೊಸಬರು ಹೆದರುತ್ತಾರೆ. ಆ ಹೆದರಿಕೆ ಕೈಗೆ ಹತ್ತಿದರೆ ಬಿಡಿಸುವುದು ತಿಂಗಳುಗಳ ಕೆಲಸ.

ಜೇಬುಗನ್:

ಒಪ್ಪುವುದಿಲ್ಲ ಅಕ್ಕ. ನನ್ನದು ಪೂರ್ತಿ ಉಕ್ಕು, ಅಷ್ಟು ಕುಣಿಯುವುದಿಲ್ಲ. ರಬ್ಬರ್ ಹಿಡಿ ಹಾಕಿಸಿದ ಮೇಲಂತೂ ಆರಾಮ. ಮತ್ತೆ, ಮನೆಯಲ್ಲೇ ಉಳಿಯುವ ದೊಡ್ಡ ಗನ್‌ಗಿಂತ ಜೊತೆಗೆ ಬರುವ ಚಿಕ್ಕದು ಮೇಲು.

ಗುರಿಗಾರ್ತಿ:

ಜೊತೆಗೆ ಬರುವುದರ ಬಗ್ಗೆ ತಕರಾರಿಲ್ಲ. ಮೊದಲನೆಯದಾಗಿ ಬೇಡ ಅಂದೆ ಅಷ್ಟೇ. ನೀವು ಅದರಲ್ಲಿ ಕಲಿತಿದ್ದೀರಿ ಅಂದರೆ ನಿಮ್ಮ ಹಟಕ್ಕೆ ನಮಸ್ಕಾರ.

ಸಂದೇಹಿ:

ಬೈಯಬೇಡಿ, ಒಂದು ಪ್ರಶ್ನೆ. ಐದು ಗುಂಡು, ಆರು ಗುಂಡು, ನಾಲ್ಕೈದು ಕಿಲೋ ಎಳೆತ. ಇಷ್ಟೊಂದು ಸಂಭ್ರಮ ಯಾಕೆ? ನನ್ನ ಪಿಸ್ತೂಲಿನಲ್ಲಿ ಇದರ ಮೂರು ಪಟ್ಟು ತುಂಬುತ್ತದೆ. ಮ್ಯಾಗಜೀನ್ ಬದಲಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತು.

ಪೈಥಾನ್‌ಪ್ರೇಮಿ:

ಅಮೆರಿಕದ ಗುರಿಗಾರ ಜೆರಿ ಮಿಕ್ಯುಲೆಕ್ ಅವರ ಕಡೆ ಒಮ್ಮೆ ನೋಡಿ ಬನ್ನಿ. 1999ರಲ್ಲಿ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನಾರು ಹಾರಿಸಿದರು. ಒಟ್ಟು 2.99 ಸೆಕೆಂಡ್. ರಿವಾಲ್ವರ್‌ನಲ್ಲೇ.

ಸಂದೇಹಿ:

ಅವರೊಬ್ಬರು ಮಾಡಿದರು ಅಂತ ನಾನೂ ನೀವೂ ಮಾಡುತ್ತೇವಾ?

ನೀಲಿಉಕ್ಕು:

ಇಲ್ಲ. ನೂರು ಜನ್ಮ ಎತ್ತಿದರೂ ಇಲ್ಲ. ಗುಂಡಿನ ಲೆಕ್ಕದಲ್ಲಿ ರಿವಾಲ್ವರ್ ಗೆಲ್ಲುವುದಿಲ್ಲ, ಅದನ್ನು ಇಲ್ಲಿ ಯಾರೂ ವಾದಿಸುತ್ತಿಲ್ಲ. ಒಂದು ತೋಟಾ ಹಾರದಿದ್ದರೆ ಮತ್ತೆ ಟ್ರಿಗರ್ ಒತ್ತಿದರೆ ಮುಂದಿನದು ಬರುತ್ತದೆ, ಅದು ಒಂದು ಅನುಕೂಲ. ತೋಟಾ ದುರ್ಬಲವೋ ಜೋರೋ ಅನ್ನೋದರ ಮೇಲೆ ಯಂತ್ರದ ಓಟ ನಿಂತಿಲ್ಲ, ಅದು ಇನ್ನೊಂದು. ತುಂಬಿದೆಯಾ ಇಲ್ಲವಾ ಅಂತ ಸಿಲಿಂಡರ್ ತೆಗೆದರೆ ಕಣ್ಣಿಗೇ ಕಾಣುತ್ತದೆ. ಉಳಿದದ್ದು ಪ್ರೀತಿ, ಅದಕ್ಕೆ ಲಾಜಿಕ್ ಕೇಳಬೇಡಿ.

ಹಳೇರಿಪೇರಿ:

ರಿವಾಲ್ವರ್ ಕೆಡುವುದೇ ಇಲ್ಲ ಅನ್ನೋ ಮಾತು ಮಾತ್ರ ನಂಬಬೇಡಿ. ಅದನ್ನು ನಂಬಿದ್ದಿದ್ದರೆ ನನಗೆ ಅನ್ನ ಹುಟ್ಟುತ್ತಿರಲಿಲ್ಲ. ಪಿಸ್ತೂಲು ಸಿಕ್ಕಿಕೊಂಡರೆ ಸಾಮಾನ್ಯವಾಗಿ ಕೈಯಲ್ಲೇ ಬಿಡಿಸಬಹುದು. ರಿವಾಲ್ವರ್ ಸಿಕ್ಕಿಕೊಂಡರೆ ಹಲವು ಸಲ ಉಪಕರಣ ಬೇಕು. ಹಗುರ ಗನ್‌ನಲ್ಲಿ ಜೋರು ತೋಟಾ ಹಾಕಿದರೆ ಒದೆತಕ್ಕೆ ಪಕ್ಕದ ಚೇಂಬರ್‌ನ ಗುಂಡು ಕೇಸಿನಿಂದ ಮುಂದೆ ಜಾರುತ್ತದೆ. ಸಿಲಿಂಡರ್ ಮುಂದೆ ಚಾಚಿಕೊಂಡು ತಿರುಗದ ಹಾಗೆ ಮಾಡುತ್ತದೆ. ಖಾಲಿ ಕೇಸು ಹೊರಗೆ ತಳ್ಳುವ ಎಜೆಕ್ಟರ್ ರಾಡ್ ತಿರುಪು ಸಡಿಲವಾದರೆ ಸಿಲಿಂಡರ್ ತೆರೆಯುವುದೇ ಇಲ್ಲ. ಎಜೆಕ್ಟರ್‌ನ ನಕ್ಷತ್ರದ, ಅಂದರೆ ಕೇಸುಗಳ ಅಂಚು ಹಿಡಿಯುವ ಭಾಗದ ಕೆಳಗೆ ಸುಡದ ಮದ್ದಿನ ಎರಡು ಕಾಳು ಸೇರಿದರೂ ಸಾಕು, ಟ್ರಿಗರ್ ಬಂಡೆಯಾಗುತ್ತದೆ. ಅದಕ್ಕೇ ಖಾಲಿ ಕೇಸು ತೆಗೆಯುವಾಗ ಬ್ಯಾರೆಲ್ ಆಕಾಶಕ್ಕೆ ಮಾಡಿ, ರಾಡ್ ಮೇಲೆ ಒಂದೇ ಗಟ್ಟಿ ಪೆಟ್ಟು. ಕಸ ಕೆಳಗೆ ಬೀಳುತ್ತದೆ, ಕೇಸು ನಕ್ಷತ್ರದ ಕೆಳಗೆ ಸಿಕ್ಕಿಕೊಳ್ಳುವುದಿಲ್ಲ.

ಮತ್ತೆ, ಮಣಿಕಟ್ಟು ಕೊಡವಿ ಸಿಲಿಂಡರ್ ಟಪ್ ಅಂತ ಮುಚ್ಚುವುದು ಸಿನಿಮಾದವರಿಗೆ ಬಿಡಿ. ಸಿಲಿಂಡರ್ ಹೊತ್ತಿರುವ ಕ್ರೇನ್ ಬಗ್ಗುತ್ತದೆ.

ಕರಿಮದ್ದು:

ನನ್ನ ಮೊದಲನೆಯದಕ್ಕೆ ತೋಟಾನೇ ಇಲ್ಲ! 1858ರ ರೆಮಿಂಗ್ಟನ್ ಮಾದರಿಯ ಇಟಲಿಯ ನಕಲು, .44. ಪ್ರತಿ ಚೇಂಬರ್‌ಗೂ ಕರಿಮದ್ದು ಸುರಿದು, ಸೀಸದ ಉಂಡೆ ಇಟ್ಟು, ಕೆಳಗಿನ ಲೀವರ್‌ನಿಂದ ಒತ್ತಿ, ಹಿಂದೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಬೇಕು. ಉಂಡೆ ಚೇಂಬರ್‌ಗಿಂತ ಒಂಚೂರು ದಪ್ಪ ಇರಬೇಕು. ಒತ್ತುವಾಗ ಸೀಸದ ತೆಳು ಉಂಗುರ ಕತ್ತರಿಸಿ ಬರುತ್ತದೆ. ಹಾಗೆ ಬಂದರೆ ಚೇಂಬರ್ ಬಿಗಿಯಾಗಿ ಮುಚ್ಚಿದೆ ಅಂತ ಅರ್ಥ. ಬಿಗಿ ಇಲ್ಲದಿದ್ದರೆ ಒಂದರ ಕಿಡಿ ಪಕ್ಕದ ಚೇಂಬರ್‌ಗೆ ಹಾರಿ ಎರಡು ಮೂರು ಒಟ್ಟಿಗೆ ಸಿಡಿಯುತ್ತವೆ. ಮದ್ದಿನ ಮೇಲೆ ಎಣ್ಣೆ ಹಾಕಿದ ಉಣ್ಣೆ ಬಿಲ್ಲೆ ಇಡುವುದು, ಉಂಡೆ ಮೇಲೆ ಗ್ರೀಸ್ ಬಳಿಯುವುದು, ಬಿಗಿಯಾಗಿ ಕೂರುವ ಕೇಪು ಬಳಸುವುದು, ಎಲ್ಲ ಇದಕ್ಕೇ.

ನಾನು ಕೋಲ್ಟ್ ಮಾದರಿ ಬಿಟ್ಟು ರೆಮಿಂಗ್ಟನ್ ತಗೊಂಡದ್ದಕ್ಕೆ ಕಾರಣ ಫ್ರೇಮ್. ಆ ಕಾಲದ ಕೋಲ್ಟ್‌ಗಳಿಗೆ ಸಿಲಿಂಡರ್ ಮೇಲೆ ಪಟ್ಟಿ ಇರಲಿಲ್ಲ, ಬ್ಯಾರೆಲ್ಲನ್ನು ಒಂದು ಬೆಣೆ ಹಿಡಿದಿಡುತ್ತಿತ್ತು. ರೆಮಿಂಗ್ಟನ್‌ನದ್ದು ಸಿಲಿಂಡರ್ ಸುತ್ತಲೂ ಮುಚ್ಚಿದ ಗಟ್ಟಿ ಚೌಕಟ್ಟು. ಈಗಿನ ರಿವಾಲ್ವರ್‌ಗಳೆಲ್ಲ ಹೆಚ್ಚು ಕಮ್ಮಿ ಆ ದಾರಿಯಲ್ಲೇ ಬಂದಿವೆ.

ಸ್ಯಾಮ್ಯುಯೆಲ್ ಕೋಲ್ಟ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1836ರಲ್ಲಿ. ಲೋಹದ ತೋಟಾ ತುಂಬಲು ಸಿಲಿಂಡರ್ ಆರಪಾರ ಕೊರೆಯುವ ಪೇಟೆಂಟ್ ಮಾತ್ರ ರೋಲಿನ್ ವೈಟ್ ಹತ್ತಿರ ಇತ್ತು. ಅದನ್ನು ಸ್ಮಿತ್ ಆ್ಯಂಡ್ ವೆಸ್ಸನ್ ಹಿಡಿದುಕೊಂಡು 1857ರಲ್ಲಿ ಏಳು ಗುಂಡಿನ .22 ಮಾಡೆಲ್ 1 ತಂದಿತು. 1869ರಲ್ಲಿ ಪೇಟೆಂಟ್ ಮುಗಿಯುವವರೆಗೆ ಉಳಿದವರು ಹೆಚ್ಚಾಗಿ ಕೇಪಿನ ಗನ್‌ಗಳಲ್ಲೇ ಇರಬೇಕಾಯಿತು. ನನ್ನ ಕೈಯಲ್ಲಿ ಇರುವುದು ಆ ತಡೆಯ ಕಾಲದ ಗನ್ ಅಂತ ನೆನೆಸಿಕೊಂಡರೆ ಮಜಾ ಅನ್ನಿಸುತ್ತದೆ.

ಹಾರಿಸುವ ಖುಷಿ ಅರ್ಧ, ತೊಳೆಯುವ ಕೆಲಸ ಅರ್ಧ. ಕರಿಮದ್ದಿನ ಮಸಿ ತೇವ ಹೀರುತ್ತದೆ, ಅವತ್ತೇ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು. ಅಮ್ಮ ಹಬ್ಬದ ಪಾತ್ರೆ ತಿಕ್ಕುವ ಹಾಗೆ ಕೂತು ತಿಕ್ಕುತ್ತೇನೆ.

ಪೈಥಾನ್‌ಪ್ರೇಮಿ:

ನನ್ನ ಹೆಸರು ನೋಡಿ ಮೊದಲನೆಯದೇ ಪೈಥಾನ್ ಅಂದುಕೊಳ್ಳಬೇಡಿ. ಮೊದಲನೆಯದು ನಾಗಂತ್, ರಷ್ಯಾದ 1895ರ ಮಾಡೆಲ್. ಏಳು ಗುಂಡು. ಹ್ಯಾಮರ್ ಎಳೆದಾಗ ಇಡೀ ಸಿಲಿಂಡರ್ ಮುಂದೆ ಸರಿದು ಬ್ಯಾರೆಲ್‌ಗೆ ಅಂಟಿಕೊಳ್ಳುತ್ತದೆ. ತೋಟಾದ ಕೇಸು ಗುಂಡಿಗಿಂತ ಉದ್ದ, ಅದರ ಬಾಯಿ ಬ್ಯಾರೆಲ್ ಒಳಗೆ ಹೊಕ್ಕು ನಡುವಿನ ಸಂದು ಮುಚ್ಚುತ್ತದೆ. ಬೇರೆ ರಿವಾಲ್ವರ್‌ಗಳಲ್ಲಿ ಪಕ್ಕದಿಂದ ಹೊಮ್ಮುವ ಬಿಸಿ ಗ್ಯಾಸ್ ಇದರಲ್ಲಿ ಇಲ್ಲ. ಇಷ್ಟು ಜಾಣತನಕ್ಕೆ ದಂಡ ಟ್ರಿಗರ್‌ನಲ್ಲಿ ಕಟ್ಟಬೇಕು. ಡಬಲ್ ಆಕ್ಷನ್‌ನಲ್ಲಿ ಒತ್ತಿದರೆ ಮಾಮೂಲಿ ರಿವಾಲ್ವರ್‌ನ ಎರಡರಷ್ಟು ಭಾರ. ಬೆರಳಿಗೆ ಜಿಮ್.

ಅದರಲ್ಲಿ ಪಳಗಿದ ಮೇಲೆ ಹಳೇ ಕೋಲ್ಟ್ ಪೈಥಾನ್ ಕೈಗೆ ಬಂತು ನೋಡಿ, ಬೆಣ್ಣೆ ಅಂದರೆ ಅದು. 1955ರಿಂದ 2005ರವರೆಗೆ ಬಂದದ್ದು, ಮತ್ತೆ 2020ರಲ್ಲಿ ಹೊಸದಾಗಿ ಶುರುವಾಯಿತು.

ಎಡಚ:

ಎಡಗೈಯವರ ಪರವಾಗಿ ಒಂದು ಮಾತು. ಸಿಲಿಂಡರ್ ಎಡಕ್ಕೆ ತೆರೆಯುತ್ತದೆ, ಕೊಂಡಿಯೂ ಎಡಗಡೆ. ಬಲಗೈ ಹೆಬ್ಬೆರಳಿಗೆ ಮಾಡಿದ್ದು. ಸ್ಮಿತ್‌ನಲ್ಲಿ ಮುಂದೆ ತಳ್ಳಬೇಕು, ಕೋಲ್ಟ್‌ನಲ್ಲಿ ಹಿಂದೆ ಎಳೆಯಬೇಕು, ರೂಗರ್‌ನಲ್ಲಿ ಒಳಗೆ ಒತ್ತಬೇಕು. ನನ್ನ ಮೊದಲನೆಯದು ರೂಗರ್ ಜಿಪಿ100. ಎಡಗೈ ತೋರುಬೆರಳಿನಲ್ಲೇ ಒತ್ತಬಹುದು ಅಂತ ಅದನ್ನೇ ಆರಿಸಿದೆ. ನನ್ನನ್ನೂ ಆರಿಸಿದವರ ಪಟ್ಟಿಗೆ ಸೇರಿಸಿ ಯಜಮಾನ್ರೇ. ಪೂರ್ತಿ ಉಲ್ಟಾ ಮಾಡಿದ ಎಡಗೈ ರಿವಾಲ್ವರ್ ಕೂಡ ಚಾರ್ಟರ್ ಆರ್ಮ್ಸ್ ಮಾಡಿದೆ, ಸೌತ್‌ಪಾ ಅಂತ.

ಮೊಮ್ಮಗ:

ತಾತನ ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್ ಈಗ ನನ್ನ ಹೆಸರಿಗೆ ಬಂದಿದೆ. ಕಾಗದ ಪತ್ರ ಎಲ್ಲ ಆಯಿತು. ಚರ್ಮದ ಹೋಲ್‌ಸ್ಟರ್ ಒಳಗೇ ಇಟ್ಟಿದ್ದರು. ಒಂದು ಬದಿಯಲ್ಲಿ ಸಣ್ಣ ಕಂದು ಚುಕ್ಕೆ ಕಾಣುತ್ತಿದೆ. ಜೊತೆಗೆ ಹಳೇ ತೋಟಾಗಳ ಡಬ್ಬಿಯೂ ಇದೆ. ಏನು ಮಾಡಲಿ?

ಹಳೇರಿಪೇರಿ:

ಮೊದಲು ಹೋಲ್‌ಸ್ಟರ್‌ನಿಂದ ಹೊರಗೆ ತೆಗೆಯಪ್ಪ. ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಿದ ಉಪ್ಪು ರಾಸಾಯನಿಕ ಬೇರೆ. ಹೊತ್ತುಕೊಳ್ಳಲು ಹೋಲ್‌ಸ್ಟರ್, ಇಡಲು ಅಲ್ಲ. ಚುಕ್ಕೆಗೆ ಎಣ್ಣೆ ಹಾಕಿ ನೆನೆಯಲು ಬಿಟ್ಟು, ಅತಿ ನಯವಾದ ಸ್ಟೀಲ್ ಉಣ್ಣೆಯಿಂದ ಕೈ ಭಾರ ಬಿಡದೆ ಉಜ್ಜು. ಮರಳು ಕಾಗದ ಮುಟ್ಟಲೇಬೇಡ. ಹೊಸ ಬಣ್ಣ ಹೊಡೆಸುವ ಯೋಚನೆಯೂ ಬೇಡ.

ಹಳೇ ತೋಟಾ ಹಾರಿಸಬೇಡ. ಮದ್ದು ಕೆಟ್ಟಿದ್ದರೆ ಗುಂಡು ಬ್ಯಾರೆಲ್‌ನಲ್ಲೇ ನಿಲ್ಲುತ್ತದೆ. ಸದ್ದು ಪುಸ್ ಅಂತ ಬಂದರೆ ಯಾವ ಗನ್ ಆದರೂ ಅಲ್ಲೇ ನಿಲ್ಲಿಸಬೇಕು. ಮುಂದಿನ ಗುಂಡು ಹಿಂದಿನದಕ್ಕೆ ಬಡಿದರೆ ಬ್ಯಾರೆಲ್ ಊದುತ್ತದೆ. ಆ ಡಬ್ಬಿಯನ್ನು ತಿಳಿದವರಿಗೆ ಒಪ್ಪಿಸು.

ಹಾರಿಸುವ ಮೊದಲು ಟೈಮಿಂಗ್, ಅಂದರೆ ಸಿಲಿಂಡರ್ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಲ್ಲುತ್ತದಾ ಅಂತ, ತೋರಿಸು. ಹಳೇ ಕೋಲ್ಟ್‌ಗಳ ಹ್ಯಾಂಡ್, ಅಂದರೆ ಸಿಲಿಂಡರ್ ತಳ್ಳುವ ಭಾಗ, ಟ್ರಿಗರ್ ಒತ್ತಿ ಹಿಡಿದಾಗಲೂ ಸಿಲಿಂಡರನ್ನು ಒತ್ತಿಕೊಂಡೇ ಇರುತ್ತದೆ. ಅದಕ್ಕೇ ಹೊಸದರಲ್ಲಿ ಕಲ್ಲಿನ ಹಾಗೆ ಬಿಗಿ. ಸವೆಯುವುದೂ ಅದಕ್ಕೇ. ಡಿಟೆಕ್ಟಿವ್ 1927ರಿಂದ ಬಂದ ಮಾಡೆಲ್, ಅಷ್ಟು ಚಿಕ್ಕ ಫ್ರೇಮ್‌ನಲ್ಲೂ ಆರು ಗುಂಡು. ಜೋರು ತೋಟಾ ಹಾಕಿ ಹಿಂಸೆ ಮಾಡಬೇಡ.

ಮೊಮ್ಮಗ:

ತುಂಬಾ ಧನ್ಯವಾದ ತಾತ. (ತಾತ ಅನ್ನಬಹುದಾ?)

ಹಳೇರಿಪೇರಿ:

ಅನ್ನು. ಗಡ್ಡ ಬೆಳ್ಳಗಾಗಿದೆ.

ಹೊಸಬ:

ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ನನಗೆ ಇನ್ನೂ ಒಂದೂ ಇಲ್ಲ. ಬಳಸಿದ .357 ಮ್ಯಾಗ್ನಂ ನೋಡುತ್ತಿದ್ದೇನೆ, ನಾಲ್ಕು ಇಂಚಿನದು. ಅದರಲ್ಲಿ .38 ಸ್ಪೆಷಲ್ ಕೂಡ ಹಾರಿಸಬಹುದು ಅಂತಾರೆ, ನಿಜವೇ? ಮತ್ತೆ ಬಳಸಿದ್ದನ್ನು ನೋಡುವುದು ಹೇಗೆ?

ನೀಲಿಉಕ್ಕು:

ನಿಜ. .357 ಮ್ಯಾಗ್ನಂ 1935ರಲ್ಲಿ ಬಂದಾಗ ಸ್ಪೆಷಲ್ ಕೇಸನ್ನೇ ಉದ್ದ ಮಾಡಿದರು. ಹೆಸರು ಬೇರೆಯಾದರೂ ಗುಂಡಿನ ದಪ್ಪ ಒಂದೇ. ಹಾಗಾಗಿ ಮ್ಯಾಗ್ನಂ ಗನ್‌ನಲ್ಲಿ ಸ್ಪೆಷಲ್ ಹಾರಿಸಬಹುದು. ಸ್ಪೆಷಲ್ ಗನ್‌ನಲ್ಲಿ ಮ್ಯಾಗ್ನಂ ಮಾತ್ರ ಯಾವತ್ತೂ ಬೇಡ. ಕೇಸು ಉದ್ದ ಮಾಡಿದ್ದೇ ಆ ತಪ್ಪು ಆಗದಿರಲಿ ಅಂತ. ಸ್ಪೆಷಲ್ ಜಾಸ್ತಿ ಹಾರಿಸಿದರೆ ಚೇಂಬರ್ ಒಳಗೆ, ಗಿಡ್ಡ ಕೇಸು ಮುಗಿಯುವ ಜಾಗದಲ್ಲಿ, ಮಸಿಯ ಉಂಗುರ ಕಟ್ಟುತ್ತದೆ. ಬ್ರಷ್ ಹಾಕಿ ತೆಗೆಯದಿದ್ದರೆ ಆಮೇಲೆ ಮ್ಯಾಗ್ನಂ ತೋಟಾ ಬಿಗಿಯುತ್ತದೆ.

ಮೊದಲ ರಿವಾಲ್ವರ್‌ಗೆ ನಿನ್ನ ಆಯ್ಕೆ ಚೆನ್ನಾಗಿದೆ. ಆದರೆ ಶುರುವಿನಲ್ಲಿ ಮೆದು ಸ್ಪೆಷಲ್ ಮಾತ್ರ.

ಹಳೇರಿಪೇರಿ:

ನೋಡುವುದು ಹೇಗೆ ಅಂತ ನಾನು ಹೇಳುತ್ತೇನೆ. ಸಿಲಿಂಡರ್ ತೆಗೆದು ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡು. ಕೊಡುವವನ ಅನುಮತಿ ಕೇಳು. ಗನ್ನಿನ ಬಾಯಿ ಯಾರ ಕಡೆಗೂ ಬೇಡ.

ಈಗ ಸಿಲಿಂಡರ್ ಮೇಲೆ ಬೆರಳು ಮೆಲ್ಲಗೆ ಒತ್ತಿ ಹಿಡಿದು ತಡೆ ಕೊಡು. ಹಾಗೇ ಹ್ಯಾಮರ್ ನಿಧಾನ ಎಳಿ. ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಮೊದಲೇ ಸಿಲಿಂಡರ್ ಟಕ್ ಅಂತ ಲಾಕ್ ಆಗಬೇಕು. ಆರೂ ಚೇಂಬರ್‌ಗೆ ನೋಡು, ಒಂದಕ್ಕೆ ಸರಿ ಇದ್ದರೆ ಸಾಲದು. ಹ್ಯಾಮರ್ ಎಳೆದಿಟ್ಟು, ಟ್ರಿಗರ್ ಮುಟ್ಟದೆ, ಹಿಂದಿನಿಂದ ಹೆಬ್ಬೆರಳಲ್ಲಿ ಹದವಾಗಿ ಮುಂದೆ ತಳ್ಳು. ಜಾರಿ ಬಿದ್ದರೆ ಯಾರೋ ಒಳಗಿನ ಅಂಚು ಉಜ್ಜಿ ಟ್ರಿಗರ್ ಹಗುರ ಮಾಡಿದ್ದಾರೆ. ಆ ಗನ್ ಬಿಟ್ಟು ಬಾ. ಟ್ರಿಗರ್ ಒತ್ತಿ ಹಿಡಿದು ಸಿಲಿಂಡರ್ ಹಿಂದೆ ಮುಂದೆ ಅಲುಗಿಸು. ಕಾಣುವಷ್ಟು ಓಡಾಡಿದರೆ ಸವೆದಿದೆ. ಬ್ಯಾರೆಲ್‌ಗೂ ಸಿಲಿಂಡರ್‌ಗೂ ನಡುವಿನ ಸಂದು 0.15 ಮಿ.ಮೀ. ಆಸುಪಾಸು ಇದ್ದರೆ ಸರಿ, 0.25 ದಾಟಿದರೆ ಬೇಡ. ಅಳೆಯಲು ತೆಳು ಗೇಜ್ ಸಿಗುತ್ತದೆ.

ಬ್ಯಾರೆಲ್‌ನ ಹಿಂಬಾಯಿ, ಅಂದರೆ ಫೋರ್ಸಿಂಗ್ ಕೋನ್, ಟಾರ್ಚ್ ಹಾಕಿ ನೋಡು. ಸ್ಮಿತ್‌ನ ಕೆ ಫ್ರೇಮ್ ಮ್ಯಾಗ್ನಂಗಳಲ್ಲಿ, ಮಾಡೆಲ್ 19 ಥರದವು, ಕ್ರೇನ್‌ಗೆ ಜಾಗ ಬೇಕು ಅಂತ ಆ ಕೋನ್‌ನ ಕೆಳಗೆ ಸಮ ಕೆತ್ತಿರುತ್ತಾರೆ. ಗೋಡೆ ಅಲ್ಲಿ ತೆಳು. ಹಗುರ ಗುಂಡಿನ ಜೋರು ಮ್ಯಾಗ್ನಂ ಸತತ ಹಾರಿಸಿದರೆ ಬಿರುಕು ಬಿಡುವುದು ಅಲ್ಲೇ. ಕೊನೆಗೆ ತಿರುಪುಗಳ ತಲೆ ನೋಡು. ಕಚ್ಚಿ ಹೋಗಿದ್ದರೆ ಕೈ ಸರಿ ಇಲ್ಲದವರು ಒಳಗೆ ಹೊಕ್ಕಿದ್ದಾರೆ.

ಹೊರಗಿನ ಗೀರು, ಮಾಸಿದ ಬಣ್ಣ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ಗುರಿಗಾರ್ತಿ:

ಒಂದು ಸೇರಿಸುತ್ತೇನೆ. ಎರಡನೇ ಕೈ ಹಿಡಿಯುವಾಗ ಹೆಬ್ಬೆರಳು ಬ್ಯಾರೆಲ್‌ಗೂ ಸಿಲಿಂಡರ್‌ಗೂ ನಡುವಿನ ಸಂದಿನ ಪಕ್ಕ ಹೋಗಬಾರದು. ಅಲ್ಲಿಂದ ಬರುವ ಗ್ಯಾಸ್ ಚರ್ಮ ಕತ್ತರಿಸುತ್ತದೆ. ಪಿಸ್ತೂಲಿನಿಂದ ಬಂದವರು ಹೆಬ್ಬೆರಳು ಮುಂದೆ ಚಾಚುವ ಅಭ್ಯಾಸ ಇಟ್ಟುಕೊಂಡಿರುತ್ತಾರೆ.

ಸಂದೇಹಿ:

ನನಗೇ ಹೇಳಿದ ಹಾಗಿದೆ.

ಗುರಿಗಾರ್ತಿ:

ನಿಮಗೇ. ನೀವು ಒಂದು ತಗೊಳ್ಳುತ್ತೀರಿ ಅಂತ ನನಗೆ ಗೊತ್ತು.

ಹೊಸಬ:

ಎರಡು ನೋಡಿ ಬಂದೆ. ಮೊದಲನೆಯದು ಹೊರಗಿನಿಂದ ಫಳಫಳ, ಹೆಬ್ಬೆರಳು ತಾಗಿಸಿದ ಕೂಡಲೇ ಹ್ಯಾಮರ್ ಬಿತ್ತು. ಬಿಟ್ಟು ಬಂದೆ. ಎರಡನೆಯದು ಸ್ಟೇನ್‌ಲೆಸ್ ಜಿಪಿ100, ಹಿಡಿ ಸವೆದಿದೆ, ಉಳಿದ ಎಲ್ಲ ಪರೀಕ್ಷೆ ಪಾಸು. ಮಾತಾಗಿದೆ, ಕಾಗದದ ಕೆಲಸ ನಡೆಯುತ್ತಿದೆ. ಒಂದೇ ಅನುಮಾನ. ಸಿಲಿಂಡರ್ ಮುಂಭಾಗದಲ್ಲಿ ಪ್ರತಿ ಚೇಂಬರ್ ಸುತ್ತ ಕಪ್ಪು ಉಂಗುರ ಇದೆ, ಬಟ್ಟೆಗೆ ಬರುತ್ತಿಲ್ಲ. ಏನಾದರೂ ದೋಷವಾ?

ಎಡಚ:

ಕ್ಲಬ್‌ಗೆ ಸ್ವಾಗತ! ದೋಷ ಅಲ್ಲ. ಹಾರಿಸಿದ ಪ್ರತಿ ರಿವಾಲ್ವರ್‌ಗೂ ಅದು ಬರುತ್ತದೆ. ಸ್ಟೇನ್‌ಲೆಸ್ ಆದ್ದರಿಂದ ಎದ್ದು ಕಾಣುತ್ತದೆ ಅಷ್ಟೇ.

ಹಳೇರಿಪೇರಿ:

ಹೌದು. ಅದನ್ನು ಹೋಗಲಾಡಿಸಲು ಪಾಲಿಶ್ ಹಾಕಿ ತಿಕ್ಕುತ್ತಾ ಕೂರಬೇಡ, ಸಿಲಿಂಡರ್ ಮುಖ ಸವೆದು ಸಂದು ದೊಡ್ಡದಾಗುತ್ತದೆ. ನೈಲಾನ್ ಬ್ರಷ್, ಮಾಮೂಲಿ ಸಾಲ್ವೆಂಟ್, ಎದ್ದು ಬಂದಷ್ಟು ಸಾಕು. ಮುಂದಿನ ಸಲ ಹಾರಿಸಿದಾಗ ಮತ್ತೆ ಬರುತ್ತದೆ.